ನಾಲ್ಕೂ ಸಾಲು ಖರೇ

ಮುಂದೆ ನನ್ನ ಸಾಹೇಬರಾದವರು ಮೊದಲ ಸಲ ನಮ್ಮ ಉಪ್ಪಿನಬೆಟಗೇರಿಗೆ ಬಂದದ್ದು ನಾನು ಎಂಥವನೆಂದು ಊರವರನ್ನು ಕೇಳಿ ತಿಳಿದುಕೊಳ್ಳಲು. ನಾನು ಟೈಪಿಂಗ್ ಪರೀಕ್ಷೆ ಪಾಸಾಗಿ, ಸರಕಾರಿ ಗುಮಾಸ್ತನ ಹುದ್ದೆಗೆ ಆಯ್ಕೆಯಾಗಿ, ನೇಮಕದ ಕಾಗದದ ದಾರಿ ಕಾಯುತ್ತಿದ್ದೆ. ಐವತ್ತೆಂಟನೆಯ ಇಸವಿ ಇರಬೇಕು. ಯಾರಿಗೆ ಸರಕಾರಿ ನೌಕರಿ ಸಿಕ್ಕರೂ ಗುಪ್ತವಾರ್ತೆಯ ಪೊಲೀಸರು ಅವರ ಊರಿಗೆ ಹೋಗಿ, ನಡತೆ ವಿಚಾರಿಸಿ, ವರದಿ ಕೊಡಬೇಕಿತ್ತು. ಕಪ್ಪು ಟೊಪ್ಪಿಗೆ, ಮುಚ್ಚುಗೊರಳಿನ ಕೋಟು, ಧೋತರ, ಕಂಕುಳಲ್ಲಿ ಕೊಡೆ. ನಮ್ಮ ಕೇರಿಯವರು ಅವರನ್ನು ಸಾಲಿ ಇನ್ಸ್‌ಪೆಕ್ಟರೆಂದು ತಿಳಿದರು.

ಅವ್ವ ಹೊರಗೆ ಬಂದು, "ನನ್ನ ಮಗಾ ಬಂಗಾರದಂಥಾವ ಅದಾನ್ರೀ" ಎಂದು ಶುರು ಮಾಡಿದಳು.

"ನಿಮ್ಮನ್ನ ಕೇಳೂದಿಲ್ಲವ್ವಾ," ಎಂದರು ಅವರು. "ತಾಯಿ ಹೇಳಿದ್ದು ಬರಕೊಳ್ಳಾಕ ನನ್ನ ಕಾಗದದಾಗ ಜಾಗಾ ಇಲ್ಲ. ಕುಡ್ಯಾಕ ಒಂದೀಟು ನೀರು ಕೊಡ್ರಿ."

ಅವ್ವ ಅನುಮಾನಿಸಿದಳು. ನಾವು ಬೌದ್ಧರಾಗಿ ಒಂದು ವರ್ಷವೂ ಆಗಿರಲಿಲ್ಲ. ನಮ್ಮ ಧರ್ಮ ಬದಲಾಗಿತ್ತು, ಊರು ಬದಲಾಗಿರಲಿಲ್ಲ. ಅವರ ಹಣೆಯ ಮೇಲೆ ಒರೆಸಿದ್ದರೂ ಉಳಿದಿದ್ದ ವಿಭೂತಿಯ ನೆರಳನ್ನು ಅವಳು ನೋಡಿದ್ದಳು. ಅವರು ಮತ್ತೊಮ್ಮೆ ಕೇಳಿದಾಗ ತಂಬಿಗೆ ತಂದುಕೊಟ್ಟಳು. ಗಟಗಟ ಕುಡಿದು, ತಂಬಿಗೆಯನ್ನು ಅವಳ ಕೈಗೇ ಕೊಟ್ಟು ಹೋದರು.

ಮುಂದೆ ಅವರ ಕಚೇರಿಯಲ್ಲೇ ನನಗೆ ಕೆಲಸ ಹಾಕಿದರು. ಒಂದು ದಿನ ಕಪಾಟು ಜೋಡಿಸುವಾಗ ನನ್ನದೇ ಕಡತ ಕೈಗೆ ಬಂತು. ಊರಿನ ದೊಡ್ಡ ಹೊಲದ ಯಜಮಾನರೊಬ್ಬರು, ಈ ಹುಡುಗ ಧರ್ಮ ಬಿಟ್ಟವ, ಹತ್ತು ಜನ ಹುಡುಗರನ್ನು ಕರೆದುಕೊಂಡು ಬಾವಿಗೆ ಹೋಗಿ ಗಲಾಟೆ ಮಾಡಿದವ ಎಂದು ಹೇಳಿದ್ದರು. ಸಾಹೇಬರು ಅದನ್ನು ಒಂದಕ್ಷರ ಬಿಡದೆ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲಿತ್ತು: "ಬಾವಿಯನ್ನು ನೋಡಿದೆ. ಅದು ಸರಕಾರಿ ಬಾವಿ. ಅರ್ಜಿದಾರನಿಗೆ ಅಲ್ಲಿ ನೀರು ಸೇದುವ ಹಕ್ಕಿದೆ." ಅಷ್ಟೇ. ನನ್ನನ್ನು ಹೊಗಳಿರಲಿಲ್ಲ, ಯಜಮಾನರನ್ನು ಬೈದಿರಲಿಲ್ಲ. ಆ ಒಂದು ಸಾಲಿನಿಂದ ನನಗೆ ನೌಕರಿ ಸಿಕ್ಕಿತ್ತು.

ನಮ್ಮ ಕಚೇರಿ ಹುಬ್ಬಳ್ಳಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯ ಒಂದು ಬಾಡಿಗೆ ಮನೆ. ಬೋರ್ಡು ಇರಲಿಲ್ಲ. ಊರಿಗೆಲ್ಲ ಅದು ಯಾವ ಕಚೇರಿಯೆಂದು ಗೊತ್ತಿತ್ತು. ಸಾಹೇಬರು ಎಂದರೆ ಅವರು, ಟೈಪ್ ಮಾಡಲು ನಾನು, ಇಬ್ಬರು ಪೇದೆಗಳು. ರೈಲ್ವೆ ವರ್ಕ್‌ಶಾಪಿನ ಸಂಘದ ಸಭೆ, ಗಿರಣಿಯ ಮುಷ್ಕರ, ಕಾಲೇಜಿನ ಹುಡುಗರ ಮೆರವಣಿಗೆ, ಲಾಡ್ಜಿನಲ್ಲಿ ಇಳಿದುಕೊಂಡ ಹೊಸಬರು, ನೌಕರಿಗೆ ಆಯ್ಕೆಯಾದವರ ನಡತೆ, ಎಲ್ಲವೂ ಅವರ ಪಾಲಿನ ಕೆಲಸ. ಕೇಳುವುದು, ಬರೆಯುವುದು, ಧಾರವಾಡದ ಮೇಲಧಿಕಾರಿಗೆ ಕಳಿಸುವುದು. ಅಲ್ಲಿಂದ ಬೆಂಗಳೂರು, ಅದರಾಚೆ ದಿಲ್ಲಿ. ಕಾಗದ ಮೇಲಕ್ಕೆ ಹೋಗುವುದು ಗೊತ್ತಿತ್ತು. ಮೇಲೆ ಅದನ್ನು ಯಾರು ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದು ನಮಗೆ ಗೊತ್ತಾಗುತ್ತಿರಲಿಲ್ಲ.

ಮುಂಬಯಿ ರಾಜ್ಯದ ಕಾಲದಲ್ಲಿ ನಾಸಿಕದಲ್ಲಿ ತರಬೇತಿ ಪಡೆದವರು ಅವರು. ಬೆಳಿಗ್ಗೆ ಲಿಂಗಪೂಜೆ ತಪ್ಪಿಸಿದವರಲ್ಲ. ಪೂಜೆ ಮುಗಿಸಿ ಕಚೇರಿಗೆ ಬಂದವರು, ವಿಚಾರಣೆಗೆ ಹೊರಡುವ ಮುಂಚೆ ಟವೆಲಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

"ನಾ ಯಾರ ಪೈಕಿ ಅಂತ ಗೊತ್ತಾದ್ರ, ಜನಾ ನನಗ ಬೇಕಾದ್ದ ಹೇಳ್ತಾರ ತಮ್ಮಾ," ಎಂದರು. "ಅವರಿಗೆ ಗೊತ್ತಿದ್ದದ್ದು ಹೇಳೂದಿಲ್ಲ."

ಇನ್ನೊಂದು ರೂಢಿ ಇತ್ತು. ಯಾವ ಅಂಗಡಿಯಲ್ಲಿ ನಿಂತು ಮಾತಾಡಿಸಿದರೂ ಅಲ್ಲಿ ಏನಾದರೂ ಕೊಳ್ಳುತ್ತಿದ್ದರು. ಅಂಗಡಿಕಾರನ ಹೊತ್ತು ಹಾಳು ಮಾಡಿ ಬರಿಗೈಲಿ ಬರುವುದು ಅವರಿಗೆ ಒಗ್ಗುತ್ತಿರಲಿಲ್ಲ. ಬೂಟಿನ ಲಾಡಿ, ಹಣಿಗೆ, ಗುಂಡಿ, ನೂಲಿನುಂಡೆ. ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿ ಒಂದು ಟ್ರಂಕು ತೆರೆದು ತೋರಿಸಿದರು. "ನೋಡಪಾ, ನಿಮ್ಮ ಸಾಹೇಬ್ರ ಸಂಸಾರ. ಮನ್ಯಾಗ ನಾವಿಬ್ಬರು, ಹಣಿಗಿ ನಲವತ್ತು." ಸಾಹೇಬರು ನಾಚಿ ಪತ್ರಿಕೆ ಮುಖಕ್ಕೆ ಹಿಡಿದುಕೊಂಡರು.

ಸಭೆಗಳಲ್ಲಿ ಅವರು ಗುಪ್ತವಾಗಿ ಇರುತ್ತಿದ್ದರೆಂದು ಯಾರಾದರೂ ತಿಳಿದರೆ ತಪ್ಪು. ಸಂಘದವರೇ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಡುತ್ತಿದ್ದರು. ಭಾಷಣಕಾರ ಬಿರುಸಾಗಿ ಒಂದು ಮಾತು ಹೇಳಿ, "ಸಾಹೇಬ್ರ, ಬರಕೊಂಡ್ರೇನು?" ಎಂದರೆ ಜನ ಗೊಳ್ಳೆಂದು ನಗುತ್ತಿದ್ದರು. ಇವರು ನಗದೆ, "ಇನ್ನೊಮ್ಮೆ ಹೇಳ್ರಿ, ಕಡೀ ಶಬ್ದ ಕೇಳಲಿಲ್ಲ" ಎನ್ನುತ್ತಿದ್ದರು. ತಮಾಷೆಯಲ್ಲ, ನಿಜಕ್ಕೂ ಕೇಳಿರುತ್ತಿರಲಿಲ್ಲ. ತಾವು ಕಂಡದ್ದನ್ನು ಒಂದು ಪುಟದಲ್ಲಿ, ಬೇರೆಯವರಿಂದ ಕೇಳಿದ್ದನ್ನು ಇನ್ನೊಂದು ಪುಟದಲ್ಲಿ ಬರೆಯುತ್ತಿದ್ದರು. ಕಾಣದ್ದು, ಕೇಳದ್ದು ಎರಡು ಪುಟದಲ್ಲೂ ಬರುವಂತಿರಲಿಲ್ಲ. ನಾನು ಟೈಪ್ ಮಾಡುವಾಗ ಅಂದಕ್ಕೆಂದು ಒಂದು ಶಬ್ದ ಸೇರಿಸಿದರೂ ಹಾಳೆ ತೆಗೆಸಿ ಹೊಸದು ಹಾಕಿಸುತ್ತಿದ್ದರು.

ಇಂಥ ಮನುಷ್ಯನ ಕೈಯಿಂದಲೇ ಆ ಕೆಲಸ ಆಯಿತು.

ಅವರ ಸುಪರ್ದಿಯಲ್ಲಿದ್ದ ಕಡತಗಳಲ್ಲಿ ಪರದೇಶಿಯರ ರಜಿಸ್ಟರ್ ಎಂಬುದೊಂದಿತ್ತು. ನಮ್ಮ ಕಡೆ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥ. ಆ ದಪ್ಪ ಪುಸ್ತಕದಲ್ಲಿ ಇದ್ದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬರು ದುರ್ಗದ ಬೈಲಿನ ಹಿಂದಿನ ಓಣಿಯ ಹಲ್ಲಿನ ಡಾಕ್ಟರು. ಚೀನಾದಿಂದ ಎಳೆಯ ವಯಸ್ಸಿನಲ್ಲಿ ಕಲಕತ್ತೆಗೆ, ಅಲ್ಲಿಂದ ಮುಂಬಯಿಗೆ, ಅಲ್ಲಿಂದ ಹುಬ್ಬಳ್ಳಿಗೆ ಬಂದು ಇಪ್ಪತ್ತೈದು ವರ್ಷವಾಗಿತ್ತು. ಗದಗಿನ ಹೆಣ್ಣುಮಗಳನ್ನು ಲಗ್ನವಾಗಿದ್ದರು. ಮಕ್ಕಳಿರಲಿಲ್ಲ. ಓಣಿಯಲ್ಲಿ ಅವರ ಕೈ ಬಾಯಿಗೆ ಹೋಗದ ಮನೆಯೇ ಇರಲಿಲ್ಲ. ಸಾಹೇಬರ ದವಡೆ ಹಲ್ಲು ಕಿತ್ತವರೂ ಅವರೇ. ವರ್ಷಕ್ಕೊಮ್ಮೆ ಕಾಗದಗಳನ್ನು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡು ಕಚೇರಿಗೆ ಬಂದು ಸಹಿ ಮಾಡಿ ಹೋಗುತ್ತಿದ್ದರು. ಸಾಹೇಬರು ಪ್ರತಿ ವರ್ಷ ಅವರ ಹೆಸರಿನ ಮುಂದೆ ಒಂದೇ ಷರಾ ಬರೆಯುತ್ತಿದ್ದರು: "ಹಲ್ಲಿನ ವೈದ್ಯ. ಬೇರೆ ಚಟುವಟಿಕೆ ಇಲ್ಲ."

ಅರವತ್ತೆರಡರಲ್ಲಿ ಚೀನಾದ ಜೊತೆ ಯುದ್ಧ ಶುರುವಾಯಿತು. ಊರ ತುಂಬ ಮೆರವಣಿಗೆ. ಹೆಣ್ಣುಮಕ್ಕಳು ಕೈಬಳೆ ಬಿಚ್ಚಿ ಯುದ್ಧನಿಧಿಗೆ ಕೊಟ್ಟರು. ನಮ್ಮ ಕಚೇರಿಗೆ ಮೇಲಿನಿಂದ ಕಾಗದ ಬಂತು: ನಿಮ್ಮ ವ್ಯಾಪ್ತಿಯಲ್ಲಿರುವ ಚೀನೀ ಮೂಲದವರೆಷ್ಟು, ಅವರ ಸಂಶಯಾಸ್ಪದ ಚಟುವಟಿಕೆಗಳೇನು? ಸಾಹೇಬರು ಅಂದೇ ಉತ್ತರ ಹೇಳಿ ಬರೆಸಿದರು. ಒಬ್ಬರು. ಏನೂ ಇಲ್ಲ.

ವಾರದೊಳಗೆ ಆ ಕಾಗದ ಹಿಂದಕ್ಕೆ ಬಂತು. ಇಂಥ ವರದಿ ಸ್ವೀಕಾರಾರ್ಹವಲ್ಲ, ಹೊಸದಾಗಿ ವಿಚಾರಣೆ ಮಾಡಿ ವಿವರವಾಗಿ ಬರೆಯತಕ್ಕದ್ದು ಎಂದು ಅದರಲ್ಲಿತ್ತು.

ನಾನು ಹಾಳೆ ಏರಿಸಿ ಕೂತೆ. "ಸಾಹೇಬ್ರ, ನೀವು ಹೋಗೂದ ಬ್ಯಾಡ್ರಿ. ಮತ್ತೊಮ್ಮೆ ವಿಚಾರಿಸೇನಿ, ಏನೂ ಸಿಗಲಿಲ್ಲ ಅಂತ ಹೇಳ್ರಿ. ಈಗ ಟೈಪ್ ಮಾಡಿ ಕೊಡ್ತೇನಿ."

"ಕೇಳಲಾರದ ಕೇಳೇನಿ ಅಂತ ಹೆಂಗ ಬರೀಲಿ ತಮ್ಮಾ?"

"ಆ ಮನಷ್ಯಾ ಎಂಥಾವ ಅಂತ ನಿಮಗ ಗೊತ್ತಿಲ್ಲೇನ್ರಿ?"

"ನನಗ ಗೊತ್ತಿದ್ದದ್ದು ಅವರು ಕೇಳಿಲ್ಲ. ಓಣ್ಯಾಗ ವಿಚಾರಸು ಅಂತ ಹೇಳ್ಯಾರ."

ಟವೆಲಿನಿಂದ ಹಣೆ ಒರೆಸಿಕೊಂಡು ಕೊಡೆ ಎತ್ತಿಕೊಂಡರು. ಆ ಬೆಳಿಗ್ಗೆ ಅವರನ್ನು ತಡೆದು ನಿಲ್ಲಿಸಬೇಕಿತ್ತೆಂದು ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ಹೇಗೆ ತಡೆಯುವುದು? ಅದೇ ಹಟದಿಂದ ಅವರು ನಮ್ಮೂರ ಬಾವಿಯವರೆಗೆ ನಡೆದುಕೊಂಡು ಹೋಗಿದ್ದರು.

ಮೂರು ದಿನ ಆ ಓಣಿಯಲ್ಲಿ ಓಡಾಡಿದರು. ಮೂರನೆಯ ದಿನ ಬಂದು ಕುರ್ಚಿಯಲ್ಲಿ ಕೂತರು. ಜೇಬಿನಿಂದ ಟೇಲರನ ಅಂಗಡಿಯ ಗುಂಡಿಗಳನ್ನು ತೆಗೆದು ಟೇಬಲ್ಲಿನ ಮೇಲೆ ಇಟ್ಟರು.

"ಮದಲನೇ ದಿನಾ ಎಲ್ಲಾರೂ, ದೇವರಂಥಾ ಮನಷ್ಯಾರೀ ಅಂದ್ರು," ಎಂದರು. "ಎರಡನೇ ದಿನಾ ಅವರ ನನ್ನನ್ನ ಕರದು ಹೇಳಾಕ ಹತ್ತಿದ್ರು. ಪೊಲೀಸರು ಕೇಳಾಕತ್ತಾರಂದ್ರ ಏನೋ ಇರಬೇಕು ಅಂತ ವಿಚಾರ ಮಾಡ್ಯಾರ. ನಾ ಕೇಳೂದಕ್ಕಿಂತ ಮದಲ ಇದ್ಯಾವುದೂ ಅವರಿಗೆ ನೆನಪಿರಲಿಲ್ಲ ತಮ್ಮಾ. ನಾ ಕೇಳಿದ್ದಕ್ಕ ನೆನಪಾತು."

ನೆನಪಾದದ್ದು ಇಷ್ಟು. ಪಕ್ಕದ ಟೇಲರನಿಗೆ, ಡಾಕ್ಟರ ಮನೆಯ ರೇಡಿಯೋದಲ್ಲಿ ತಿಳಿಯದ ಭಾಷೆಯ ಮಾತು ಕೇಳಿದ್ದು ನೆನಪಾಯಿತು. ಮೂಲೆಮನೆಯ ನಿವೃತ್ತ ಮಾಸ್ತರರಿಗೆ, ಡಾಕ್ಟರ ಹೆಸರಿಗೆ ಪರದೇಶದ ಅಂಚೆಚೀಟಿಯ ಕಾಗದ ಬರುತ್ತಿದ್ದುದು ನೆನಪಾಯಿತು. ಎದುರು ಮನೆಯ ಹತ್ತಿ ಸಾವಕಾರರಿಗೆ, ಡಾಕ್ಟರು ಕ್ಯಾಮೆರಾದಿಂದ ರೈಲಿನ ಫೋಟೋ ತೆಗೆದದ್ದು ನೆನಪಾಯಿತು.

ಸಾಹೇಬರು ನಾಲ್ಕು ಪುಟದ ವರದಿ ಬರೆಸಿದರು. ರೇಡಿಯೋ ಇರುವುದು ನಿಜ, ಸಂಜೆ ಹಾಡು ಕೇಳಲು ಟೇಲರನೂ ಸೇರಿ ಓಣಿಯವರೆಲ್ಲ ಅಲ್ಲಿಗೆ ಹೋಗುತ್ತಾರೆ. ಕಾಗದ ಬರುವುದು ನಿಜ, ಅವನ್ನು ಇಲಾಖೆ ಹಿಂದೆಯೇ ಓದಿಸಿದೆ, ಅಕ್ಕನ ಮೊಣಕಾಲು ನೋವಿನ ಸುದ್ದಿ ಬಿಟ್ಟು ಬೇರೇನಿಲ್ಲ. ರೈಲಿನ ಫೋಟೋ ಇರುವುದೂ ನಿಜ, ಅದು ಸಾವಕಾರರ ಅಂಗಡಿಯಲ್ಲೇ ಕಟ್ಟು ಹಾಕಿಸಿ ತೂಗುಬಿಟ್ಟಿದೆ. ಉಣಕಲ್ ಕೆರೆಯ ದಂಡೆಗೆ ಊಟ ಕಟ್ಟಿಕೊಂಡು ಹೋದಾಗ ಸಾವಕಾರರು ತಾವೇ ಕೇಳಿ ತಮ್ಮ ಮನೆಮಂದಿಯ ಫೋಟೋ ತೆಗೆಸಿಕೊಂಡರು. ಅವರ ಬೆನ್ನ ಹಿಂದೆ ದೂರದಲ್ಲಿ ಗೂಡ್ಸ್ ಗಾಡಿ ಹೋಗುತ್ತಿದೆ. ಟೈಪ್ ಮಾಡುತ್ತ ನನಗೆ ನಗು ಬಂತು. ಇದನ್ನು ಓದಿದವರು ಯಾರೇ ಆಗಲಿ ಕಡತ ಮುಚ್ಚಿಬಿಡುತ್ತಾರೆಂದು ತಿಳಿದೆ.

ಎರಡು ದಿನ ಬಿಟ್ಟು ಧಾರವಾಡದ ಮೇಲಧಿಕಾರಿ ಜೀಪಿನಲ್ಲಿ ಬಂದರು. ಕೆಟ್ಟವರೇನಲ್ಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

"ನಾಕ ಪಾನು ಯಾರು ಓದತಾರ್ರೀ?" ಎಂದರು. "ಬೆಂಗಳೂರಿಗೆ ಜಿಲ್ಲೆಯಿಂದ ನಾಕ ಸಾಲು ಹೋಗಬೇಕು. ಬರಕೋ" ಎಂದು ನನ್ನ ಕಡೆ ತಿರುಗಿ ತಾವೇ ಹೇಳಿ ಬರೆಸಿದರು. ಇವನಿಗೆ ಪರದೇಶದಿಂದ ಪತ್ರಗಳು ಬರುತ್ತವೆ. ಇವನ ಬಳಿ ಪರದೇಶದ ಪ್ರಸಾರ ಕೇಳುವ ರೇಡಿಯೋ ಇದೆ. ಇವನ ಬಳಿ ಕ್ಯಾಮೆರಾ ಇದೆ. ಇವನು ರೈಲು ಮಾರ್ಗದ ಫೋಟೋ ತೆಗೆದಿದ್ದಾನೆ.

ಹಾಳೆಯನ್ನು ಯಂತ್ರದಿಂದ ಎಳೆದು ಸಾಹೇಬರ ಮುಂದೆ ಇಟ್ಟರು. "ಸಹಿ ಮಾಡ್ರಿ."

"ಹಿಂಗ ಬರದ್ರ ಅರ್ಥ ಬ್ಯಾರೇನ ಆಗ್ತದಲ್ರಿ."

"ಇದರಾಗ ಸುಳ್ಳು ಎಲ್ಲೈತಿ? ತೋರಸ್ರಿ. ಆ ಸಾಲು ಈಗ ತಗಸ್ತೇನಿ."

ಸಾಹೇಬರು ಕನ್ನಡಕ ಮೇಲೇರಿಸಿ, ಒಂದೊಂದು ಸಾಲಿನ ಕೆಳಗೂ ಬೆರಳು ಎಳೆಯುತ್ತ ಓದಿದರು. ಮತ್ತೊಮ್ಮೆ ಮೇಲಿನಿಂದ ಓದಿದರು. ನಾಲ್ಕು ಸಾಲು ಓದಲು ಅಷ್ಟು ಹೊತ್ತು ತೆಗೆದುಕೊಂಡ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಯಾವ ಸಾಲಿನ ಮೇಲೂ ಬೆರಳು ನಿಲ್ಲಲಿಲ್ಲ.

"ನಾಕೂ ಸಾಲು ಖರೇನ ಅದಾವು," ಎಂದರು ಕೊನೆಗೆ. ಸಹಿ ಮಾಡಿದರು.

ಹದಿನೈದು ದಿನಕ್ಕೆ ಹುಕುಂ ಬಂತು. ಡಾಕ್ಟರನ್ನು ವಶಕ್ಕೆ ತೆಗೆದುಕೊಂಡು, ಬೇರೆ ಕಡೆಯಿಂದ ಬಂದವರ ಜೊತೆ, ಚೀನೀ ಮೂಲದವರನ್ನು ಕೂಡಿಹಾಕುತ್ತಿದ್ದ ಉತ್ತರದ ಶಿಬಿರಕ್ಕೆ ಕಳಿಸಬೇಕು. ಹೆಂಡತಿ ಇಲ್ಲಿಯವಳಾದ್ದರಿಂದ ಇಲ್ಲೇ ಇರಬಹುದು. ಜಪ್ತು ಮಾಡುವ ಸಾಮಾನಿನ ಯಾದಿ ಬರೆಯಲು ನಾನೂ ಜೊತೆಗೆ ಹೋದೆ. ಬೇರೆ ಯಾರನ್ನಾದರೂ ಕಳಿಸಿ ಎಂದು ಸಾಹೇಬರು ಕೇಳಬಹುದಿತ್ತು. ಕೇಳಲಿಲ್ಲ.

ನಾವು ಒಳಗೆ ಕಾಲಿಟ್ಟಾಗ ಡಾಕ್ಟರು ಒಬ್ಬ ಮುದುಕಿಯ ಬಾಯಿಯಲ್ಲಿ ಹಲ್ಲುಕಟ್ಟಿನ ಅಚ್ಚು ಒತ್ತಿ ಹಿಡಿದಿದ್ದರು. ಹಿಂದೆ ಪೇದೆಗಳನ್ನು ಕಂಡು ಅವರಿಗೆ ತಿಳಿಯಿತು. "ಸಾಹೇಬ್ರ, ಅಚ್ಚು ಗಟ್ಟಿ ಆಗೂತನಕ ಕುಂಡ್ರಿ," ಎಂದರು. ನಾವು ಬೆಂಚಿನ ಮೇಲೆ ಕೂತೆವು. ಡಾಕ್ಟರು ಅಚ್ಚು ತೆಗೆದು, ತೊಳೆದು, ಬೆಳಕಿಗೆ ಹಿಡಿದು ನೋಡಿ ಕಪಾಟಿನಲ್ಲಿಟ್ಟರು.

"ಎಂದ ಬರ್ಲಿ ಡಾಕ್ಟರ?" ಎಂದು ಕೇಳಿದಳು ಮುದುಕಿ.

ಡಾಕ್ಟರು ಸಾಹೇಬರ ಮುಖ ನೋಡಿದರು. ಸಾಹೇಬರು ನೆಲ ನೋಡಿದರು.

"ಹೇಳಿ ಕಳಸ್ತೇನಿ ಅಮ್ಮಾ," ಎಂದರು ಡಾಕ್ಟರು.

ಅವರ ಹೆಂಡತಿ ಅಳಲಿಲ್ಲ. ಒಂದು ಚೀಲದಲ್ಲಿ ಎರಡು ಜೊತೆ ಅರಿವೆ, ಉಣ್ಣೆಯ ಶಾಲು, ನಾಲ್ಕು ಜೋಳದ ರೊಟ್ಟಿ ಕಟ್ಟಿಕೊಟ್ಟಳು. ನಾನು ಯಾದಿ ಬರೆದೆ: ರೇಡಿಯೋ ಒಂದು, ಕ್ಯಾಮೆರಾ ಒಂದು, ಪತ್ರಗಳ ಕಟ್ಟು ಒಂದು. ಹೊರಗೆ ಓಣಿಯ ಜನ ಬಾಗಿಲುಗಳಲ್ಲಿ ನಿಂತಿದ್ದರು. ಯಾರೂ ಕೂಗಲಿಲ್ಲ. ಸಾವಕಾರರು ತಮ್ಮ ಕಟ್ಟೆಯ ಮೇಲೆ ನಿಂತು, ಡಾಕ್ಟರು ಹಾಯುವಾಗ ಕೈ ಮುಗಿಯಲು ಹೋಗಿ, ಮುಗಿಯದೆ, ಟೊಪ್ಪಿಗೆ ಸರಿಮಾಡಿಕೊಂಡರು.

ಅಂದಿನಿಂದ ಸಾಹೇಬರಲ್ಲಿ ಏನು ಬದಲಾಯಿತೆಂದು ಹೇಳುವುದು ಕಷ್ಟ. ಸಭೆಗಳಿಗೆ ಹೋಗುತ್ತಿದ್ದರು, ಬರೆಯುತ್ತಿದ್ದರು. ಆದರೆ ಬರೆದ ಸಾಲನ್ನು ಮತ್ತೆ ಮತ್ತೆ ಓದಿ ಹಾಳೆ ಹರಿಯುವುದು ಹೆಚ್ಚಾಯಿತು. ಒಮ್ಮೆ, "ಒಂದು ಸಾಲು ಖರೇ ಅದನೋ ಇಲ್ಲೋ ಅಂತ ನೋಡಾಕ ನನಗ ಕಲಿಸ್ಯಾರ," ಎಂದರು. "ನಾಕ ಸಾಲು ಕೂಡಿ ಏನ ಹೇಳ್ತಾವು ಅಂತ ನೋಡಾಕ ಯಾರೂ ಕಲಸಲಿಲ್ಲ."

ಡಾಕ್ಟರ ಹೆಂಡತಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಮನೆಯ ಮುಂದಿನ ಬೋರ್ಡನ್ನು ಯಾರೋ ಕಲ್ಲು ಹೊಡೆದು ಒಡೆದಿದ್ದರು. ಒಂದು ಮಧ್ಯಾಹ್ನ ಸಾಹೇಬರು ತಾವೇ ಕೈಯಲ್ಲಿ ಬರೆದ ಇಂಗ್ಲಿಷ್ ಅರ್ಜಿಯೊಂದನ್ನು ನನ್ನ ಮುಂದೆ ಇಟ್ಟು, "ಟೈಪ್ ಮಾಡಿ ಕೊಡು" ಎಂದರು. ಗಂಡನನ್ನು ಬಿಡುಗಡೆ ಮಾಡಬೇಕೆಂದು ಆಕೆಯ ಹೆಸರಿನಲ್ಲಿ ಸರಕಾರಕ್ಕೆ ಬರೆದ ಮನವಿ ಅದು. ರೇಡಿಯೋ ಕೇಳಲು ಬರುತ್ತಿದ್ದವರು ಯಾರು, ಕಾಗದಗಳಲ್ಲಿ ಏನಿತ್ತು, ಫೋಟೋದಲ್ಲಿ ಯಾರಿದ್ದಾರೆ, ಕತ್ತರಿಸಿ ಹಾಕಿದ್ದ ನಾಲ್ಕು ಪುಟವೆಲ್ಲ ಅದರಲ್ಲಿ ಮತ್ತೆ ಬಂದಿತ್ತು. ಬರೆದವರು ಯಾರೆಂದು ಹೇಳದೆ ನಾನು ಒಯ್ದು ಕೊಟ್ಟೆ, ಆಕೆ ಸಹಿ ಮಾಡಿ ಅಂಚೆಗೆ ಹಾಕಿದಳು. ಉತ್ತರ ಬರಲಿಲ್ಲ. ಇನ್ನೊಂದು ಬರೆದರು. ಹೀಗೆ ಒಂದು ವರ್ಷದಲ್ಲಿ ಐದಾರು ಆದವು.

ಸರಕಾರದಲ್ಲಿ ಕಾಗದ ಹೇಗೆ ಸುತ್ತುತ್ತದೆ ಎಂದು ನಮಗೆ ಗೊತ್ತಿದ್ದರೂ ನಾವು ಎಚ್ಚರ ವಹಿಸಲಿಲ್ಲ. ಅವುಗಳಲ್ಲೊಂದು ದಿಲ್ಲಿಗೆ ಹೋಗಿ, ಬೆಂಗಳೂರಿಗೆ ಇಳಿದು, ಧಾರವಾಡಕ್ಕೆ ಬಂದು, "ಅಭಿಪ್ರಾಯ ತಿಳಿಸುವುದು" ಎಂಬ ಷರಾದೊಂದಿಗೆ ನಮ್ಮ ಟೇಬಲ್ಲಿಗೇ ಬಂತು. ತಾವೇ ಬರೆದ ಮನವಿಯ ಮೇಲೆ ಸಾಹೇಬರು ಅಭಿಪ್ರಾಯ ಕೊಡಬೇಕಿತ್ತು. "ಅರ್ಜಿದಾರಳು ಹೇಳಿರುವುದೆಲ್ಲ ನಿಜ" ಎಂದು ಬರೆದರು. ಆ ಉತ್ತರವನ್ನು ಟೈಪ್ ಮಾಡಿದ್ದೂ ನಾನೇ, ಅದೇ ಯಂತ್ರದಲ್ಲಿ. ನಮ್ಮ ಯಂತ್ರದ ಒಂದು ಅಕ್ಷರದ ಹೊಟ್ಟೆ ಮಸಿ ತುಂಬಿ ಕಪ್ಪಾಗಿ ಬೀಳುತ್ತಿತ್ತು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಧಾರವಾಡದ ಮೇಲಧಿಕಾರಿಗೆ ಐದು ನಿಮಿಷ ಸಾಕಾಯಿತು.

ಮತ್ತೆ ಜೀಪು ಬಂತು. "ಈ ಅರ್ಜಿ ಬರದಾವ್ರು ಯಾರು?"

"ನಾನರೀ."

"ಟೈಪ್ ಮಾಡಿದಾವ್ರು?"

ಸಾಹೇಬರು ಸುಮ್ಮನೆ ನಿಂತರು. ಮೇಲಧಿಕಾರಿ ಮತ್ತೊಮ್ಮೆ ಕೇಳಿದರು. ನಾನು ಎದ್ದು ನಿಲ್ಲಬೇಕೆಂದು ಕುರ್ಚಿ ಸರಿಸಿದೆ. ಸಾಹೇಬರು ಹಿಂದಕ್ಕೆ ನೋಡದೆ ಅಂಗೈ ಅಲ್ಲಾಡಿಸಿ ಕೂಡಿಸಿದರು. ನಾನು ಕೂತೆ. ಹಾಗೆ ಕೂತದ್ದರಿಂದಲೇ ನನ್ನ ನೌಕರಿ ಉಳಿಯಿತು.

ಅವರಿಗೆ ಬರಬೇಕಿದ್ದ ಬಡ್ತಿ ಹೋಯಿತು. ಅವರಿಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಅವರ ಕುರ್ಚಿಗೆ ಬಂದ. ನಿವೃತ್ತಿಯವರೆಗೆ ಇವರು ಮೂಲೆಯ ಟೇಬಲ್ಲಿನಲ್ಲಿ ರಜಿಸ್ಟರುಗಳನ್ನು ನೋಡಿಕೊಂಡಿರಬೇಕೆಂದು ಹೇಳಿದರು. ವಿಚಾರಣೆಗೆ ಹೋಗುವುದು ನಿಂತಿತು. ಹಣೆಯ ವಿಭೂತಿ ದಿನವಿಡೀ ಹಾಗೇ ಇರುತ್ತಿತ್ತು.

ಮೂರು ವರ್ಷ ಮೇಲಾದ ನಂತರ ಡಾಕ್ಟರು ಬಿಡುಗಡೆಯಾಗಿ ಬಂದರು. ಊರು ಮುಟ್ಟಿದ ಒಂದು ದಿನದೊಳಗೆ ಕಚೇರಿಗೆ ಬಂದು ರಜಿಸ್ಟರಿನಲ್ಲಿ ಸಹಿ ಮಾಡಬೇಕೆಂಬ ನಿಯಮ. ಬಾಗಿಲಲ್ಲಿ ನಿಂತವರನ್ನು ನಾನು ಗುರುತಿಸಲಿಲ್ಲ. ಕೂದಲು ಪೂರಾ ಬೆಳ್ಳಗಾಗಿತ್ತು. ಹಲ್ಲಿನ ಡಾಕ್ಟರ ಬಾಯಲ್ಲೇ ಮುಂದಿನ ಎರಡು ಹಲ್ಲು ಇರಲಿಲ್ಲ.

ಸಾಹೇಬರು ಎದ್ದು ನಿಂತರು. "ಬರ್ರಿ, ಕುಂಡ್ರಿ" ಎಂದರು.

ಡಾಕ್ಟರು ಕೂತು ಹೇಳಿದರು: "ಒಂದ ಮಾತು ಕೇಳ್ತೇನಿ ಸಾಹೇಬ್ರ. ಅಲ್ಲೆ ನನಗ ಒಂದು ಕಾಗದ ಓದಿ ಹೇಳಿದ್ರು. ರೇಡಿಯೋ, ಪತ್ರ, ಕ್ಯಾಮೆರಾ, ರೈಲು. ಇದು ನಮ್ಮ ಓಣಿಯವರಿಗೆ ಬಿಟ್ರ ಯಾರಿಗೂ ಗೊತ್ತಿರಲಿಲ್ಲ. ಯಾರು ಹೇಳಿದ್ರು? ಮೂರು ವರ್ಷ ಇದೊಂದ ವಿಚಾರ ನನಗ. ಒಬ್ಬೊಬ್ಬರ ಮುಖಾ ನೆನಸತೇನಿ, ಇವ ಇರಬೇಕು ಅಂತೇನಿ, ಮತ್ತ ಇವ ಅಲ್ಲ ಅಂತೇನಿ. ನಾಳೆ ಅವರ ಬಾಯಾಗ ಕೈ ಹಾಕಬೇಕು ನಾ. ಇವನ ಇರಬೇಕು ಅಂತ ಅನಿಸಿದ್ರ ನನ್ನ ಕೈ ನಡಗತದ. ಹೆಸರು ಹೇಳ್ರಿ."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಆ ಮೂರು ಹೆಸರು ನನಗೆ ಗೊತ್ತಿದ್ದವು. ಹೇಳಬಾರದೆಂಬ ಇಲಾಖೆಯ ನಿಯಮವೂ ಗೊತ್ತಿತ್ತು. ಹೇಳಲು ಬರುವುದಿಲ್ಲ ಎಂದು ಸಾಹೇಬರು ಉತ್ತರ ಕೊಡುತ್ತಾರೆಂದು ಕಾದೆ. ಹಾಗೆ ಹೇಳಿದ್ದರೆ ಅದು ನಿಯಮದ ಪ್ರಕಾರವೂ ಇರುತ್ತಿತ್ತು, ಸುಳ್ಳೂ ಆಗುತ್ತಿರಲಿಲ್ಲ.

"ಯಾರೂ ಹೇ‍ಳಿಲ್ಲ," ಎಂದರು ಸಾಹೇಬರು. "ನಾನ ಬರದೆ."

"ನೀವು?"

"ಹೂಂ. ನಿಮ್ಮ ಮನಿಗೆ ಎಷ್ಟ ಸಲ ಬಂದೇನಿ. ರೇಡಿಯೋ ನೋಡೇನಿ, ಪತ್ರ ನೋಡೇನಿ. ಫೋಟೋ ಸಾವಕಾರರ ಅಂಗಡ್ಯಾಗ ನೋಡೇನಿ. ಯುದ್ಧ ನಡದಿತ್ತು, ಮ್ಯಾಲಿನವರಿಗೆ ಏನರ ಕೊಡಬೇಕಾಗಿತ್ತು. ನನಗ ಬಡ್ತಿ ಬೇಕಾಗಿತ್ತು. ಓಣಿಯವರನ್ನ ಕೇಳಿದೆ. ಅವರೆಲ್ಲಾ, ದೇವರಂಥಾ ಮನಷ್ಯಾ, ಅವರ ತಂಟೆಕ್ಕ ಹೋಗಬ್ಯಾಡ್ರಿ ಅಂದ್ರು. ನಾ ಕೇಳಲಿಲ್ಲ."

ಎಂಟು ವರ್ಷ ಅವರ ಜೊತೆಗಿದ್ದು, ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು ಅದು. ಸಣ್ಣದೂ ಅಲ್ಲ. ಒಂದಕ್ಷರ ತಡವರಿಸದೆ, ಎದುರಿನವರ ಕಣ್ಣು ನೋಡುತ್ತ ಹೇಳಿದರು.

ಡಾಕ್ಟರು ಅವರನ್ನೇ ನೋಡಿದರು. "ನಿಮ್ಮ ದವಡಿ ಹಲ್ಲು ತಗದ ಮ್ಯಾಲ, ಕೀವು ಆಗಬಾರದಂತ ಮೂರು ಸಲ ನಾನ ನಿಮ್ಮ ಮನಿಗೆ ಬಂದು ನೋಡಿ ಹೋಗೇನಿ," ಎಂದರು. ದನಿ ಏರಲಿಲ್ಲ. "ಸಹಿ ಎಲ್ಲೆ ಮಾಡ್ಲಿ?"

ಸಾಹೇಬರು ಜಾಗ ತೋರಿಸಿದರು. ಡಾಕ್ಟರು ಸಹಿ ಮಾಡಿ, ಪೆನ್ನನ್ನು ಅವರ ಕೈಗೆ ಕೊಡದೆ ಟೇಬಲ್ಲಿನ ಮೇಲಿಟ್ಟು ಹೋದರು.

ನನಗೆ ತಡೆಯಲಾಗಲಿಲ್ಲ. "ಯಾಕ ಹಂಗ ಹೇಳಿದ್ರಿ ಸಾಹೇಬ್ರ?"

"ನಿನ್ನ ಕೆಲಸಾ ಮಾಡು ತಮ್ಮಾ," ಎಂದರು. ಅವರ ಕೈ ರಜಿಸ್ಟರಿನ ಮೇಲೆ ಹಾಗೇ ಇತ್ತು.

ಆಮೇಲಿನದು ನಾನು ಕಣ್ಣಾರೆ ಕಂಡದ್ದು. ಡಾಕ್ಟರು ಸಾಹೇಬರ ಹೆಸರನ್ನು ಓಣಿಯಲ್ಲಿ ಹೇಳಿರಬೇಕು. ಓಣಿ ಒಂದು ದೊಡ್ಡ ಉಸಿರು ಬಿಟ್ಟಿತು. ವಾರದೊಳಗೆ ಟೇಲರ ಹೊಸ ಪರದೆ ಹೊಲಿದು ಕೊಟ್ಟ. ಮಾಸ್ತರರು ಬೋರ್ಡಿಗೆ ಅಕ್ಷರ ಬರೆದು ಕೊಟ್ಟರು. ಸಾವಕಾರರು ಮೊದಲ ರೋಗಿಯಾಗಿ ಹೋಗಿ ಕುರ್ಚಿಯಲ್ಲಿ ಕೂತರು. ಸಾಹೇಬರು ಆ ಕಡೆ ಹಾದರೆ ಜನ ಕಟ್ಟೆಯಿಂದ ಎದ್ದು ಒಳಗೆ ಹೋಗತೊಡಗಿದರು. ದುರ್ಗದ ಬೈಲಿನ ಅಂಗಡಿಕಾರನೊಬ್ಬ ಅವರಿಗೆ ಸಾಮಾನು ಕೊಡದೆ ವಾಪಸು ಕಳಿಸಿದ. ಅವರ ಹೆಂಡತಿಗೆ ನಲ್ಲಿಯ ಹತ್ತಿರ ಯಾರೋ ಅನ್ನಬಾರದ ಮಾತು ಅಂದರು. ಆಕೆಗೂ ಸಾಹೇಬರು ನಿಜ ಹೇಳಿರಲಿಲ್ಲ. ಈಗ ವರ್ಷಕ್ಕಲ್ಲ, ತಿಂಗಳಿಗೊಮ್ಮೆ ಡಾಕ್ಟರು ಬಂದು, ಮುಖ ಎತ್ತದೆ ಸಹಿ ಮಾಡಿ ಹೋಗುತ್ತಿದ್ದರು. ಆ ದಿನ ಸಾಹೇಬರು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿರಲಿಲ್ಲ.

ನಿವೃತ್ತರಾಗಿ ಅವರು ಧಾರವಾಡದ ಕೆಲಗೇರಿ ಕಡೆ ಎರಡು ಕೋಣೆಯ ಮನೆ ಮಾಡಿದರು. ನಾನು ಆಗಾಗ ಹೋಗುತ್ತಿದ್ದೆ. ಕೆರೆಯ ದಂಡೆಯಲ್ಲಿ ಅಡ್ಡಾಡುತ್ತ, ನನ್ನ ಮಕ್ಕಳ ಸಾಲಿಯ ಬಗ್ಗೆ ಕೇಳುತ್ತಿದ್ದರು. ಕಚೇರಿಯ ಮಾತು ತೆಗೆದರೆ ಬೇರೆ ಕಡೆ ತಿರುಗಿಸುತ್ತಿದ್ದರು. ಎರಡು ವರ್ಷವೂ ಬದುಕಲಿಲ್ಲ. ಅವರ ಮಣ್ಣಿಗೆ ಮಠದ ಅಯ್ಯನವರನ್ನು ಬಿಟ್ಟು ಒಂಬತ್ತು ಜನ ಇದ್ದೆವು. ಹುಬ್ಬಳ್ಳಿಯಿಂದ ಬಂದವನು ನಾನೊಬ್ಬನೇ. ಕುಣಿಗೆ ಮೂರು ಹಿಡಿ ಮಣ್ಣು ಹಾಕುವಾಗ, ಡಾಕ್ಟರಿಗೆ ನಿಜ ಹೇಳಿಯೇ ಬಿಡಬೇಕೆಂದು ನಿಶ್ಚಯಿಸಿದೆ. ಇನ್ನು ಯಾರಿಗೆ ಅಂಜುವುದು?

ಮರುವಾರ ಡಾಕ್ಟರ ಮನೆಗೆ ಹೋದೆ. ಬೆಂಚಿನ ಮೇಲೆ ಹತ್ತಿ ಸಾವಕಾರರು ಕೆನ್ನೆಗೆ ವಸ್ತ್ರ ಒತ್ತಿಕೊಂಡು ಕೂತಿದ್ದರು. ನನ್ನನ್ನು ಕಂಡು, "ನಿಮ್ಮ ಸಾಹೇಬ ಸತ್ತನಂತಲ್ಲ," ಎಂದರು. "ಇಂಥಾ ದೇವರಂಥಾ ಮನಷ್ಯಾನ್ನ ಜೇಲಿಗೆ ಕಳಿಸಿದಾವ. ಶಿವಾ ನೋಡಕೋತಾನ."

ಅವರ ಮಾತನ್ನು ಅಂದು ನಾನೇ ಟೈಪ್ ಮಾಡಿದ್ದೆ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲವೋ, ನೆನಪಿದ್ದೂ ಆಡಿದರೋ, ಆ ಮುಖ ನೋಡಿ ತಿಳಿಯಲಿಲ್ಲ. ನಾನು ಉತ್ತರ ಕೊಡದೆ ಒಳಗೆ ಹೋದೆ.

ಡಾಕ್ಟರು ಕೈ ತೊಳೆಯುತ್ತಿದ್ದರು. "ಖರೇನ ತೀರಿಕೊಂಡ್ರೇನು?" ಎಂದು ಕೇಳಿದರು.

"ಹೌದ್ರಿ. ಅದಕ್ಕ ನಿಮಗೊಂದು ಮಾತು..."

ಅವರು ಕೈ ಒರೆಸಿಕೊಳ್ಳುತ್ತ ನನ್ನ ಮಾತು ಮುಗಿಯಗೊಡಲಿಲ್ಲ. "ಅವರ ಮ್ಯಾಲ ಇನ್ನೂ ಸಿಟ್ಟದ ನನಗ. ಸುಳ್ಳು ಹೇಳೂದಿಲ್ಲ. ಆದರ ಒಂದು. ಅವತ್ತ ಅವರು ನಾನ ಬರದೆ ಅಂತ ಒಪ್ಪಿಕೊಂಡ್ರಲ್ಲ, ಅದು ಛಲೋ ಆತು. ಓಣಿಯವರು ಯಾರರ ಇದ್ದಿದ್ರ ನಾ ಈ ಮನ್ಯಾಗ ಒಂದು ದಿನಾ ಬಾಳೂದು ಆಗತಿದ್ದಿಲ್ಲ. ನನಗ ಹೋಗಾಕ ಬ್ಯಾರೆ ಊರೂ ಇರಲಿಲ್ಲ." ಆಮೇಲೆ ಕೇಳಿದರು, "ಏನೋ ಹೇಳಾಕ ಬಂದಿದ್ರಿ?"

"ಏನಿಲ್ರಿ," ಎಂದೆ. "ಅವರು ತೀರಿಕೊಂಡದ್ದು ನಿಮಗ ತಿಳಿಸಿ ಹೋಗೂಣು ಅಂತ ಬಂದೆ."

ಅವರು ತಲೆಯಾಡಿಸಿ, ಪರದೆ ಸರಿಸಿ, ಹೊರಗೆ ಕೂತವರನ್ನು ಕರೆದರು.

"ಬರ್ರಿ ಸಾವಕಾರ್ರ. ಬಾಯಿ ತಗೀರಿ, ನೋಡೂಣು."